ನಡುವಿನ ತುಂಡು

ಪೋರ್ಟರ್ ರ್ಯಾಂಚ್, ಲಾಸ್ ಏಂಜಲೀಸ್
೬ ಅಕ್ಟೋಬರ್ ೨೦೨೪, ಭಾನುವಾರ

ಪ್ರೀತಿಯ ಶಿವಾನಿ,

ಮಕ್ಕಳಿಗೆ ಬರೆಯುವ ಕಾಗದದ ತಲೆಯ ಮೇಲೆ ಆಶೀರ್ವಾದ ಹಾಕುವುದು ನಮ್ಮ ಕಡೆಯ ಪದ್ಧತಿ. ಈ ಸಲ ಹಾಕಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಕ್ಷೇಮಸಮಾಚಾರ ಹೇಳುವುದಾದರೆ, ನಿನ್ನ ಅಪ್ಪನ ಎಡಮೊಣಕಾಲು ಮತ್ತು ಹಿತ್ತಲಿನ ನಿಂಬೆಗಿಡ ಇವೆರಡನ್ನು ಬಿಟ್ಟರೆ ಮನೆಯಲ್ಲಿ ಉಳಿದದ್ದೆಲ್ಲ ಚೆನ್ನಾಗಿದೆ. ನಿನ್ನ ಹೆರಿಗೆಗೆ ಇನ್ನು ಮೂರೇ ವಾರ ಎಂದು ತಾಬಿಶ್ ನಿನ್ನಪ್ಪನಿಗೆ ಮೆಸೇಜ್ ಮಾಡಿದ್ದನಂತೆ. ನನಗೆ ಮಾಡಲಿಲ್ಲ. ಅಳಿಯನಿಗೆ ಅಷ್ಟು ಜಾಣತನ ಇರುವುದು ಒಳ್ಳೆಯದೇ.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಮಾರ್ಚ್‌ನಲ್ಲಿ ನೀನು ಫೋನ್ ಇಟ್ಟ ದಿನದಿಂದ ಇವತ್ತಿಗೆ ಏಳು ತಿಂಗಳು. ಫೋನಿನಲ್ಲಿ ಹೇಳಲಾರದ್ದನ್ನು ಕಾಗದದಲ್ಲಿ ಹೇಳಬಹುದೆಂದು ಅವತ್ತೇ ಗೊತ್ತಿತ್ತು. ಆದರೂ ಪೆನ್ನು ಹುಡುಕಲು ಏಳು ತಿಂಗಳು ಬೇಕಾಯಿತು. ನೀನು ಧಾರವಾಡದಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ ಬಂದವಳು, ಕನ್ನಡ ಓದುತ್ತೀ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಹಿಂದೆಲ್ಲ ನೀನು ನಗುತ್ತಿದ್ದೆ. ನಿಧಾನವಾಗಿ ಓದು. ಉತ್ತರ ಇಂಗ್ಲಿಷಿನಲ್ಲಿ ಬರೆದರೂ ಸರಿ, ಬರೆಯದಿದ್ದರೂ ಸರಿ.

ನೀನು ಅವತ್ತು ಅಂದದ್ದು ಒಂದಕ್ಷರ ಬಿಡದೆ ನೆನಪಿದೆ. "ಅಮ್ಮ, ಡಾಕ್ಟರ್ ಫಾರ್ಮಲ್ಲಿ ಫ್ಯಾಮಿಲಿ ಹಿಸ್ಟರಿ ಅಂತ ಎರಡು ಪೇಜ್ ಇದೆ. ತಾಬಿಶ್ ತನ್ನ ಸೈಡ್ ಫುಲ್ ಫಿಲ್ ಮಾಡ್ದ, ಅಜ್ಜನ ಅಜ್ಜನ ಶುಗರ್ ತನಕ. ನಾನು ಎಲ್ಲಾ ಕಡೆ ಅನ್‌ನೋನ್ ಅಂತ ಟಿಕ್ ಮಾಡ್ದೆ. ನಿಂಗೆ ನಿಜವಾಗ್ಲೂ ಏನೂ ಗೊತ್ತಿಲ್ವಾ?"

ನಿನಗೆ ಹದಿನಾರು ವರ್ಷವಾದಾಗ ನಾನು ಹೇಳಿದ ಕಥೆ ಇಷ್ಟೇ: ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಯಾರೋ ಬಿಟ್ಟುಹೋದ ಕೂಸು, ಹೆಸರು ಊರು ಗೊತ್ತಿಲ್ಲ, ನಾವು ಎತ್ತಿಕೊಂಡು ಬಂದೆವು. ಮಾರ್ಚ್‌ನಲ್ಲಿಯೂ ಅದನ್ನೇ ಹೇಳಬೇಕಿತ್ತು. ಆದರೆ ಸಿಟ್ಟು ಬಂತು. ಸಿಟ್ಟಿನಲ್ಲಿ, "ಹಡೆದಾಕಿ ಯಾರಾದ್ರೇನು ಶಿವಾನಿ, ಸಾಕಿದಾಕಿ ನಾನು. ಆಕಿ ಹೆಸರು ತಗೊಂಡು ಏನ್ ಮಾಡ್ತೀ?" ಎಂದುಬಿಟ್ಟೆ. ನೀನು, "ಸೋ, ಹೆಸರು ಇದೆ" ಎಂದು ಫೋನ್ ಇಟ್ಟೆ.

ಹೌದು, ಇದೆ. ಈ ಕಾಗದ ಮುಗಿಯುವುದರೊಳಗೆ ಅದನ್ನು ಬರೆಯುತ್ತೇನೆ. ಆದರೆ ನಾನು ಇಪ್ಪತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿದವಳು, ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟ ಅಭ್ಯಾಸವಿಲ್ಲ. ಮೊದಲು ಇನ್ನೊಬ್ಬಳ ಕಥೆ ಹೇಳುತ್ತೇನೆ, ತಾಳ್ಮೆಯಿಂದ ಕೇಳು. ಇದನ್ನು ಹೇಳದೆ ಅದನ್ನು ಬರೆಯುವ ಧೈರ್ಯ ನನಗೆ ಬರುವುದಿಲ್ಲ.

ಎರಡು ವರ್ಷದ ಕೆಳಗೆ ನಮ್ಮ ಕನ್ನಡ ಸಂಘದವರಿಗೊಂದು ಇಮೇಲ್ ಬಂದಿತ್ತು: ನೂರು ವರ್ಷ ಹಳೆಯ ಕೈಬರಹದ ಕನ್ನಡ ಓದಬಲ್ಲವರು ಬೇಕಾಗಿದ್ದಾರೆ. ಸಂಘದಲ್ಲಿ ಮುನ್ನೂರು ಮನೆ. ರಾಜ್ಯೋತ್ಸವದ ದಿನ ಮೈಕ್ ಹಿಡಿದು ಗಂಟಲು ಹರಿದುಕೊಳ್ಳುವವರೇ ಐವತ್ತು ಜನ. ಒಬ್ಬರಿಗೂ ಓದಲು ಬರಲಿಲ್ಲ. ಕೊನೆಗೆ ಅದು ನನ್ನ ಪಾಲಿಗೆ ಬಂತು. ಕಳಿಸಿದವರು ನಿಮ್ಮ ಕಡೆಯ ಲಾ ಹೋಯಾದ ಪ್ರೊಫೆಸರ್ ಹ್ಯಾಲೊರನ್, ನಿವೃತ್ತರು. ಮಿಲಿಸೆಂಟ್ ವೆದರ್ಬಿ ಎಂಬ ಇಂಗ್ಲಿಷ್ ಲೇಖಕಿಯ ಜೀವನಚರಿತ್ರೆ ಬರೆಯುತ್ತಿದ್ದಾರೆ. ನಾಲ್ಕು ವರ್ಷದಿಂದ ಬರೆಯುತ್ತಿದ್ದಾರೆ, ಮೊದಲನೆಯ ಅಧ್ಯಾಯದಲ್ಲಿದ್ದಾರೆ. ಅಧ್ಯಾಯದ ಹೆಸರು ‘ವಂಶ’.

ಈ ವೆದರ್ಬಿಯ ಹೆಸರು ನೀನು ಕೇಳಿರಲಾರೆ, ಕೇಳದಿದ್ದರೆ ನಷ್ಟವೂ ಇಲ್ಲ. ೧೮೯೪ರಲ್ಲಿ ಗದಗಿನಲ್ಲಿ ಹುಟ್ಟಿದಳು. ಅಪ್ಪ ಅಲ್ಲಿ ರೈಲ್ವೆ ಇಂಜಿನಿಯರ್. ಆರು ವರ್ಷಕ್ಕೆ ಇಂಗ್ಲೆಂಡಿಗೆ ಹೋದಳು, ಕಾದಂಬರಿ ಬರೆದಳು, ಆಮೇಲೆ ಲಾಸ್ ಏಂಜಲೀಸಿಗೆ ಬಂದು ಸಿನಿಮಾಗಳಿಗೆ ಮಾತು ಬರೆದಳು, ಸ್ಯಾನ್ ಡಿಯಾಗೋದಲ್ಲಿ ಮುದುಕಿಯಾಗಿ ಸತ್ತಳು. ಒಟ್ಟು ಇಪ್ಪತ್ತೆರಡು ಕಾದಂಬರಿ. ಒಂಬತ್ತನ್ನು ಓದಿದೆ, ಹತ್ತನೆಯದಕ್ಕೆ ನನ್ನ ಆಯುಷ್ಯ ಸಾಲದು ಎಂದು ಬಿಟ್ಟೆ. ಎಲ್ಲದರಲ್ಲಿಯೂ ಒಂದು ದೊಡ್ಡ ಮನೆ, ಮನೆಯ ತುಂಬ ಗೋಡೆಗೆ ನೇತುಹಾಕಿದ ಹಿರಿಯರು. ಒಳ್ಳೆಯ ರಕ್ತದವರು ಬಡವರಾದರೂ ಬೆನ್ನು ನೆಟ್ಟಗಿಟ್ಟು ಕೂರುತ್ತಾರೆ, ಕೆಟ್ಟ ರಕ್ತದವರು ಎಷ್ಟು ಓದಿದರೂ ಕೊನೆಯ ಅಧ್ಯಾಯದಲ್ಲಿ ಬೆಳ್ಳಿಯ ಚಮಚ ಕದಿಯುತ್ತಾರೆ. ನಮ್ಮ ಪೋರ್ಟರ್ ರ್ಯಾಂಚಿನ ಪಾರ್ಟಿಗಳಲ್ಲಿ ‘ನಮ್ಮದು ದೇಸಗತಿ ಮನೆತನ, ವಾಡೆಯಲ್ಲಿ ಆನೆ ಇತ್ತು’ ಎನ್ನುವವರ ಕಣ್ಣಿಗೆ ಈ ಪುಸ್ತಕಗಳು ಬೀಳದಿರಲಿ. ಇತ್ತ ಕಾಸ್ಟ್‌ಕೊದಲ್ಲಿ ಸಾಲಿನಲ್ಲಿ ನಿಂತು ಅಕ್ಕಿ ಮೂಟೆ ಹೊರುವುದು, ಅತ್ತ ಆನೆ.

ಹ್ಯಾಲೊರನ್ ಮನೆ ನಿನ್ನ ಇನ್‌ಸ್ಟಿಟ್ಯೂಟಿನಿಂದ ಎರಡೇ ಮೈಲಿ. ಇದು ನಿನಗೆ ಗೊತ್ತಿರಲಿಲ್ಲ. ಮಾರ್ಚ್ ಆದಮೇಲೂ ನಾನು ಆರು ಸಲ ಅಲ್ಲಿಗೆ ಬಂದಿದ್ದೇನೆ. ಒಮ್ಮೆ ನಿಮ್ಮ ಪಾರ್ಕಿಂಗ್ ಲಾಟಿನಲ್ಲಿ ಅರ್ಧ ಗಂಟೆ ಕೂತು, ನೀನು ಲ್ಯಾಬ್ ಬ್ಯಾಗ್ ಹೆಗಲಿಗೇರಿಸಿಕೊಂಡು ಒಂದು ಕೈ ಸೊಂಟಕ್ಕೆ ಕೊಟ್ಟು ನಡೆದದ್ದನ್ನು ನೋಡಿ ವಾಪಸ್ ಹೋದೆ.

ಪ್ರೊಫೆಸರ್ ಮನೆಯ ಒಂದು ಗೋಡೆಯ ತುಂಬ ವೆದರ್ಬಿಯ ವಂಶವೃಕ್ಷ. ಐನೂರು ವರ್ಷದ ಹಿಂದಿನ ಒಬ್ಬ ಕುದುರೆ ಸರದಾರನವರೆಗೆ ಹೋಗುತ್ತದೆ. ಅವನ ಹಲ್ಲುನೋವಿನ ವಿಚಾರವೂ ಅವರಿಗೆ ಗೊತ್ತು. ಮಿಲಿಸೆಂಟಳನ್ನು ಎತ್ತಿ ಆಡಿಸಿದ ಆಯಾಳ ವಿಚಾರ ಮಾತ್ರ ಒಂದು ಹಳದಿ ಚೀಟಿಯಲ್ಲಿತ್ತು: ‘ಸೇವಕಿ, ಸ್ಥಳೀಯಳು, ಹೆಸರು?’ ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಬಹಳ ಚಂದ ಬರೆದಿದ್ದರು.

ನಾನು ಓದಬೇಕಾಗಿದ್ದದ್ದು ಆ ಪ್ರಶ್ನಾರ್ಥಕ ಚಿಹ್ನೆಯ ಹೆಂಗಸು ಬರೆಸಿದ ಕಾಗದಗಳನ್ನು. ಒಟ್ಟು ಹನ್ನೊಂದು, ೧೯೦೧ರಿಂದ ೧೯೧೧ರವರೆಗೆ, ವರ್ಷಕ್ಕೊಂದು. ಗದಗಿನ ಯಾರೋ ಶಾಲಾ ಮಾಸ್ತರರ ಕೈಯಲ್ಲಿ ಬರೆಸಿದ್ದು. ಹೊರಗೆ ಇಂಗ್ಲಿಷಿನಲ್ಲಿ ವಿಳಾಸ, ಒಳಗೆ ಕನ್ನಡ. ಒಂಬತ್ತು ಲಕೋಟೆಗಳನ್ನು ಯಾರೂ ಒಡೆದೇ ಇರಲಿಲ್ಲ. ಮೊದಲಿನ ಎರಡನ್ನು ಒಡೆದ ಮೆಮ್‌ಸಾಹೇಬಳು, ಅಂದರೆ ಮಿಲಿಸೆಂಟಳ ತಾಯಿ ಎನಿಸಿಕೊಂಡವಳು, ತನಗೆ ಓದಲು ಬಾರದ ಲಿಪಿ ನೋಡಿ ಉಳಿದವನ್ನು ಹಾಗೆಯೇ ರಿಬ್ಬನ್ ಕಟ್ಟಿ ಟ್ರಂಕಿನ ತಳಕ್ಕೆ ಹಾಕಿದ್ದಳು. ಹುಡುಗಿಗೆ ಕೊಡಲಿಲ್ಲ. ಸುಡಲೂ ಇಲ್ಲ. ನೂರು ವರ್ಷದ ಮೇಲೆ, ಪ್ರೊಫೆಸರ್ ಮೇಜಿನ ಮೇಲೆ, ನಾನು ಅವನ್ನು ಒಡೆದೆ. ಎದುರಿಗೆ ಸಮುದ್ರ, ಕೈಯಲ್ಲಿ ಅವರು ಕೊಟ್ಟ ಬಿಳಿ ಗವುಸು. ಆಯಾಳ ಕಾಗದ ಮುಟ್ಟಲು ಗವುಸು! ಬದುಕಿದ್ದಾಗ ಅವಳು ಮುಟ್ಟಿದ್ದನ್ನು ಇವರು ತೊಳೆದುಕೊಳ್ಳುತ್ತಿದ್ದರು.

‘ಮಿಲಿ ಬಾಯಿಯವರ ಪಾದಕ್ಕೆ ಮಲ್ಲವ್ವ ಮಾಡುವ ಸಾಷ್ಟಾಂಗ ನಮಸ್ಕಾರಗಳು’ ಎಂದು ಹೆಚ್ಚುಕಡಿಮೆ ಪ್ರತಿಯೊಂದೂ ಶುರು. ಹೀಗೆ ಆ ಸೇವಕಿಗೆ ಹೆಸರು ಸಿಕ್ಕಿತು. ಒಳಗೆ ಹೆಚ್ಚೇನಿಲ್ಲ. ಬಂಗಲೆಯ ಹಿಂದಿನ ಬೇವಿನ ಗಿಡ ಕಡಿದರು, ನಾಯಿ ಸತ್ತಿತು, ಅಲ್ಲಿ ಚಳಿ ಬಹಳವಂತೆ, ಕಿವಿ ಕಟ್ಟಿಕೊಳ್ಳಿರಿ. ಐದನೆಯದರಲ್ಲಿ ಒಂದು ಮಾತು: ‘ಕೌದಿ ಹರಿದಿದ್ದರ ಅಂಚು ಹೊಲಿಸರಿ. ನಡುವಿನ ತುಂಡು ಮಾತ್ರ ಬಿಚ್ಚಸಬ್ಯಾಡರಿ.’ ನಾನು ಅದನ್ನು ಇಂಗ್ಲಿಷಿಗೆ ಇಳಿಸಿ ಮುಂದೆ ಹೋದೆ. ತಲೆಗೆ ಹೋಗಲೇ ಇಲ್ಲ. ಪ್ರೊಫೆಸರರನ್ನು ಬೈಯುವವಳು ನಾನು, ನನ್ನ ಜಾಣತನ ಇಷ್ಟು.

ತಲೆಗೆ ಹೋದದ್ದು ಹನ್ನೊಂದನೆಯದರ ಕೊನೆಯಲ್ಲಿ. ಹುಡುಗಿಗೆ ಆಗ ಹದಿನೇಳು. ಅದರಲ್ಲಿ ಮೇಲೆ ನಮಸ್ಕಾರವೇ ಇಲ್ಲ. ಕೆಳಗೆ, ‘ಇನ್ನ ಬರಸೂದಿಲ್ಲ. ಮಲ್ಲವ್ವನ ಆಶೀರ್ವಾದ.’ ಆ ಕೊನೆಯ ಶಬ್ದದ ಮೇಲೆ ಮಸಿ ಹರಡಿತ್ತು, ಮಾಸ್ತರರು ಬರೆಯಲೋ ಬೇಡವೋ ಎಂದು ಲೇಖನಿ ಊರಿ ನಿಂತಿರಬೇಕು.

"ಎಷ್ಟು ಮುದ್ದಾಗಿದೆ! ಮುದುಕಿ ಹಾರೈಸುತ್ತಿದ್ದಾಳೆ" ಎಂದರು ಹ್ಯಾಲೊರನ್. ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ನಮ್ಮ ಕಾಗದಗಳಲ್ಲಿ ಕಿರಿಯರು, ಕೈಕೆಳಗಿನವರು ನಮಸ್ಕಾರ ಬರೆಯುತ್ತಾರೆ. ಆಶೀರ್ವಾದ ಬರೆಯುವ ಹಕ್ಕು ಮನೆಯ ಹಿರಿಯರಿಗೆ, ಹೆತ್ತವರಿಗೆ. ಒಬ್ಬ ಆಯಾ ಸಾಹೇಬನ ಮಗಳಿಗೆ ಹತ್ತು ವರ್ಷ ಅಡ್ಡಬಿದ್ದು, ಹನ್ನೊಂದನೆಯ ವರ್ಷ ಆಶೀರ್ವಾದ ಬರೆಸಿದಳೆಂದರೆ ಅದು ಮುದ್ದಲ್ಲ ಸ್ವಾಮಿ, ಅವಳು ತಾನು ಯಾರೆಂದು ಹೇಳಿ ಬಾಗಿಲು ಹಾಕಿಕೊಂಡಳು.

ಆಗ ನನ್ನ ಅಜ್ಜಿ ಬಸಲಿಂಗವ್ವ ನೆನಪಾದಳು. ಕೂಸಿನ ಮೊದಲನೆಯ ಕೌದಿ ಹೊಲಿಯುವಾಗ ಆಕೆಯದು ಒಂದೇ ಕಟ್ಟಪ್ಪಣೆ: "ನಟ್ಟನಡುವ ಹಡೆದಾಕಿ ಸೀರಿ, ಸುತ್ತ ಊರ ಮಂದಿ ಸೀರಿ." ಅಂಚಿಗೆ ಅಜ್ಜಿಯದು, ಅತ್ತೆಯದು, ನೆರೆಮನೆಯವರದು, ಯಾರ ಹಳೆಯ ಸೀರೆಯಾದರೂ ನಡೆಯುತ್ತದೆ. ನಡುವಿನ ತುಂಡು ಮಾತ್ರ ಹೆತ್ತವಳು ಉಟ್ಟು ಮಾಸಿದ ಸೀರೆಯದು. ಹೆರಿಗೆಯಲ್ಲಿ ಸತ್ತಿದ್ದರೂ ಅವಳದೇ. ಕೂಸು ಅದರ ವಾಸನೆಗೆ ನಿದ್ದೆ ಮಾಡುತ್ತದಂತೆ. ನಮ್ಮ ಕಡೆಯ ಯಾವ ಹೆಂಗಸೂ ಪರರ ಕೂಸಿನ ಕೌದಿಯ ನಡುವೆ ತನ್ನ ಸೀರೆ ಹಾಕುವುದಿಲ್ಲ, ಹಾಕಿದರೆ ಬೆರಳು ಸುಡುತ್ತದೆ ಎಂದು ಹೆದರುತ್ತಾಳೆ.

ಮರುದಿನವೇ ಗ್ಲೆಂಡೇಲಿಗೆ ಓಡಿದೆ. ಟ್ರಂಕ್ ಇರುವುದು ಅಲ್ಲಿ, ಪ್ಯಾಟ್ರಿಷಿಯಾ ಎಂಬಾಕೆಯ ಗರಾಜಿನಲ್ಲಿ. ಮಿಲಿಸೆಂಟಳ ತಮ್ಮನ ಮೊಮ್ಮಗಳು, ಪುಸ್ತಕಗಳ ಹಕ್ಕು ಈಕೆಯದೇ. ಬೆನ್ನು ನೆಟ್ಟಗಿಟ್ಟು ಕೂರುತ್ತಾಳೆ, ಆ ಅಜ್ಜಿ ಬರೆದದ್ದನ್ನು ಪಾಲಿಸುತ್ತಿದ್ದಾಳೆ. ಬಂದವರಿಗೆ ಮೈಕ್ರೋವೇವಿನಲ್ಲಿ ಕಾಯಿಸಿದ ನೀರಿಗೆ ಚಹಾದ ಚೀಲ ಅದ್ದಿ ಕೊಟ್ಟು, ‘ಇದು ನಮ್ಮ ಮನೆತನದ ಚಹಾ’ ಎನ್ನುತ್ತಾಳೆ. ಟ್ರಂಕಿನಲ್ಲಿದ್ದ ಆ ಕೌದಿಯನ್ನು ನಾನು ಹಿಂದೊಮ್ಮೆ ಅಲ್ಲಿಗೆ ಹೋದಾಗಲೇ ನೋಡಿದ್ದೆ, ಮುಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಹಳೆಯ ಕೌದಿ ಎಂದರೆ ಕೆಲಸದವರಿಗೆ ಕೊಡುವ ವಸ್ತು, ಅದನ್ನು ನೋಡಲು ಅಮೆರಿಕದವರೆಗೆ ಬರಬೇಕೇ ಎಂದುಕೊಂಡಿದ್ದೆ. ಈ ಸಲ ಅವಳ ಕಾರಿನ ಬಾನೆಟ್ ಮೇಲೆ ಹಾಸಿದೆ. ಅಂಚಿನ ತುಂಬ ಮೆಮ್‌ಸಾಹೇಬಳ ಹೂವಿನ ಫ್ರಾಕುಗಳ ಚೂರು. ನಡುವೆ ಅಂಗೈಯಗಲ ಇಳಕಲ್ ಸೀರೆಯ ಕೆಂಪು ಸೆರಗು, ಅದರ ಮೇಲೆ ಬಿಳಿಯ ತೆನೆ. ನೂರಮೂವತ್ತು ವರ್ಷಕ್ಕೆ ಕೆಂಪು ಹೋಗಿ ಇಟ್ಟಿಗೆಯ ಬಣ್ಣವಾಗಿತ್ತು, ಹೊಲಿಗೆ ಒಂದೂ ಬಿಚ್ಚಿರಲಿಲ್ಲ.

ಕೌದಿ, ಆಶೀರ್ವಾದ ಎಂದರೆ ಇವರು ಒಪ್ಪುವ ಪೈಕಿಯಲ್ಲ, ಇವರಿಗೆ ಸರ್ಕಾರಿ ಕಾಗದ ಬೇಕು. ಅದೂ ಇತ್ತು. ಎಲ್ಲಿತ್ತು ಗೊತ್ತೇ? ಪ್ರೊಫೆಸರರ ಕಪಾಟಿನಲ್ಲಿಯೇ, ನಾಲ್ಕು ವರ್ಷದಿಂದ, ಎರಡು ಬೇರೆ ಬೇರೆ ಫೋಲ್ಡರಿನಲ್ಲಿ. ಒಂದರಲ್ಲಿ ಚರ್ಚಿನ ಪುಸ್ತಕದ ಪ್ರತಿ: ೧೮೯೪ರ ಡಿಸೆಂಬರ್ ಎರಡರಂದು ಮಿಲಿಸೆಂಟಳಿಗೆ ಹೆಸರಿಟ್ಟರು, ಮಗುವಿಗೆ ಎರಡು ತಿಂಗಳು. ಇನ್ನೊಂದರಲ್ಲಿ ಹಡಗಿನ ಪ್ರಯಾಣಿಕರ ಪಟ್ಟಿ: ಶ್ರೀಮತಿ ವೆದರ್ಬಿ ಒಂದೂವರೆ ವರ್ಷ ತವರಿನಲ್ಲಿದ್ದು ಅದೇ ವರ್ಷ ನವೆಂಬರ್ ಹನ್ನೊಂದಕ್ಕೆ ಮುಂಬಯಿಗೆ ಬಂದಿಳಿದರು, ಒಬ್ಬರೇ. ಕುದುರೆ ಸರದಾರನ ಹಲ್ಲು ಎಣಿಸಿದ ಮನುಷ್ಯ ಈ ಎರಡು ಹಾಳೆಯನ್ನು ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ! ಗಂಡ ಗದಗಿನಲ್ಲಿ, ಹೆಂಡತಿ ಇಂಗ್ಲೆಂಡಿನಲ್ಲಿ, ಕೂಸು ಬಂಗಲೆಯಲ್ಲಿ. ಗಂಡ ಮಾಡಿದ್ದನ್ನು ಹೆಂಡತಿ ಮುಚ್ಚಿದಳು, ಕೂಸನ್ನು ತನ್ನದೆಂದಳು. ಹೆತ್ತವಳನ್ನು ಅದೇ ಮನೆಯಲ್ಲಿ ಆಯಾ ಮಾಡಿ ಇಟ್ಟುಕೊಂಡಳು, ಹಾಲು ಕುಡಿಸಲು ಯಾರಾದರೂ ಬೇಕಲ್ಲ. ಆರು ವರ್ಷವಾದ ಮೇಲೆ ಕೆಲಸ ಮುಗಿಯಿತು, ಕೂಸನ್ನು ಹಡಗು ಹತ್ತಿಸಿದರು.

ನಿನ್ನಪ್ಪ ಊಟಕ್ಕೆ ಕರೆದರು, ಎದ್ದು ಹೋಗಿ ಬಂದೆ. "ಎಲ್ಲಿಗೆ ಬಂದಿ?" ಎಂದು ಕೇಳಿದರು. "ಹಡಗಿನತನಕ" ಎಂದೆ. "ಹಂಗಾದ್ರ ಇನ್ನೇನು ಬಂತಲ್ಲ" ಎಂದು ಮಜ್ಜಿಗೆ ಕುಡಿದು ಎದ್ದರು. ಅವರಿಗೆ ಎಲ್ಲ ಗೊತ್ತು. ಅವರ ಮೇಲೆ ಸಿಟ್ಟಾಗಬೇಡ, ಮೂವತ್ತು ವರ್ಷದಿಂದ ‘ಹೇಳಿಬಿಡು’ ಎಂದವರು ಅವರು, ಬಾಯಿ ಮುಚ್ಚಿಸಿದವಳು ನಾನು.

ಕಳೆದ ಮಂಗಳವಾರ ಗ್ಲೆಂಡೇಲಿನಲ್ಲಿ ನಾವು ಮೂವರೂ ಕೂತೆವು. ನಾನು ಹಾಳೆಗಳನ್ನು ಅಕ್ಕಪಕ್ಕ ಇಟ್ಟೆ, ಕೌದಿ ಹಾಸಿದೆ, ಕಾಗದ ಓದಿದೆ. ಪ್ರೊಫೆಸರ್ ಬೆವರಿದರು. ಇದನ್ನು ಪುಸ್ತಕದ ಹಿಂದೆ ಒಂದು ಅಡಿಟಿಪ್ಪಣಿಯಲ್ಲಿ, ‘ಹೀಗೂ ಇರಬಹುದೇ ಎಂಬ ಊಹೆಗೆ ಅವಕಾಶವಿದೆ’ ಎಂದು ಸೂಕ್ಷ್ಮವಾಗಿ ಹೇಳಬಹುದು ಎಂದರು. ನಾಲ್ಕು ವರ್ಷದ ಗೋಡೆ ಬಿದ್ದರೂ ಈ ಮನುಷ್ಯ ಸುಣ್ಣ ಬಳಿಯುವ ವಿಚಾರದಲ್ಲಿದ್ದಾರೆ. ಪ್ಯಾಟ್ರಿಷಿಯಾ ಅದಕ್ಕೂ ಒಪ್ಪಲಿಲ್ಲ. ಕೌದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮಡಿಸುತ್ತಾ ನನಗೆ ಹೇಳಿದಳು: "ನೋಡಿ ರಜನಿ, ಹೆತ್ತವಳು ಯಾರಾದರೇನು? ಸಾಕಿದವಳೇ ತಾಯಿ. ಆ ಹೆಂಗಸಿನ ಹೆಸರು ತೆಗೆದುಕೊಂಡು ಯಾರು ಏನು ಮಾಡಬೇಕಾಗಿದೆ?"

ಅವಳಿಗೆ ಕೊಡಬೇಕೆಂದು ಎರಡು ವರ್ಷದಿಂದ ಕೂಡಿಟ್ಟುಕೊಂಡ ಬೈಗುಳವೆಲ್ಲ ನಾಲಿಗೆಯ ತುದಿಯಲ್ಲಿತ್ತು. ಆದರೆ ಅವಳು ಆಡಿದ್ದು ನನ್ನ ಮಾತು ಶಿವಾನಿ, ಮಾರ್ಚ್‌ನಲ್ಲಿ ನಾನು ನಿನಗೆ ಆಡಿದ್ದೇ. ನನ್ನ ಬಾಯಲ್ಲಿ ಅದು ಪ್ರೀತಿಯ ಮಾತು ಎಂದುಕೊಂಡಿದ್ದೆ. ಅವಳ ಬಾಯಲ್ಲಿ ಕೇಳಿದಾಗ ಅದರ ನಾತ ಗೊತ್ತಾಯಿತು. ಚಹಾ ಕುಡಿಯದೆ ಎದ್ದು ಬಂದು ಕಾರಿನಲ್ಲಿ ಕೂತೆ. ಫ್ರೀವೇ ಹತ್ತುವ ಬದಲು ಅದೇ ಬೀದಿಯನ್ನು ನಾಲ್ಕು ಸುತ್ತು ಸುತ್ತಿದೆ, ಫೋನಿನ ಹೆಂಗಸು ‘ಯು ಟರ್ನ್ ಮಾಡಿ’ ಎಂದು ಹೇಳಿ ಹೇಳಿ ದಣಿದಳು.

ಇಷ್ಟು ದಿನ ನಾನು ಆ ಮೆಮ್‌ಸಾಹೇಬಳನ್ನು ಎಷ್ಟು ತಿರಸ್ಕಾರದಿಂದ ನೋಡಿದೆನೆಂದರೆ, ಅವಳ ಫೋಟೋದ ಮುಂದೆ ಕಾಫಿ ಲೋಟ ಇಡಲೂ ಮನಸ್ಸಾಗುತ್ತಿರಲಿಲ್ಲ. ಕಳ್ಳಿ ಎಂದೆ. ಕೂಸನ್ನೂ ಕದ್ದಳು, ಕಾಗದವನ್ನೂ ಕದ್ದಳು ಎಂದೆ. ಒಬ್ಬ ಓದುವವನನ್ನು ಹುಡುಕಿ ಆ ಹನ್ನೊಂದು ಕಾಗದ ಓದಿಸಿದ್ದರೆ, ಮಿಲಿಸೆಂಟಳು ಆ ಹಾಳು ಇಪ್ಪತ್ತೆರಡು ಕಾದಂಬರಿ ಬರೆಯುವುದಾದರೂ ತಪ್ಪುತ್ತಿತ್ತು. ಪಾಪ, ಎಪ್ಪತ್ತೇಳು ವರ್ಷ ಬದುಕಿ, ಯಾವ ರಕ್ತ ಕೆಟ್ಟದ್ದೆಂದು ಬರೆದಳೋ ಅದನ್ನೇ ಮೈಯಲ್ಲಿಟ್ಟುಕೊಂಡು ಸತ್ತಳು. ಕೊನೆಯವರೆಗೂ ಆ ಕೌದಿ ಹೊದ್ದೇ ಮಲಗುತ್ತಿದ್ದಳಂತೆ. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ನಿನ್ನ ಕಾಲು ಊದುತ್ತಿದ್ದರೆ ಉಪ್ಪು ಕಡಿಮೆ ಮಾಡು. ಪಾರ್ಸೆಲಿನಲ್ಲಿ ಅಂಟಿನುಂಡೆ ಇದೆ, ಹೆರಿಗೆಯಾದ ಮೇಲೆ ದಿನಕ್ಕೊಂದು ತಿನ್ನು, ಈಗ ಬೇಡ. ಬರಬೇಡ ಎಂದರೆ ನಾನು ಬರುವುದಿಲ್ಲ, ಅಪ್ಪನನ್ನಾದರೂ ಕರೆಸಿಕೋ. ಕೂಸು ಕೈಕಾಲು ಗಟ್ಟಿಯಾಗಿ ಬರಲಿ, ನಿನ್ನನ್ನು ಹೆಚ್ಚು ನೋಯಿಸದೆ ಬರಲಿ. ಇದು ಹಾರೈಕೆ, ಯಾರು ಬೇಕಾದರೂ ಮಾಡಬಹುದು, ಇದಕ್ಕೆ ಹಕ್ಕು ಬೇಕಿಲ್ಲ.

ಇಂತಿ,
ರಜನಿ

ತಾ.ಕ.: ಹೆಸರು ಬರೆಯದೆ ಸಹಿ ಮಾಡಿಬಿಟ್ಟೆ, ನೋಡಿದೆಯಾ. ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಅವಳ ಹೆಸರು ಪ್ರೇಮವ್ವ. ಧಾರವಾಡದಲ್ಲಿ ನಿನಗೆ ಹತ್ತು ವರ್ಷವಾಗುವವರೆಗೂ ನಮ್ಮ ಮನೆಯಲ್ಲಿ ಕಸ ಮುಸುರೆ ಮಾಡಿ, ನಿನ್ನ ಜಡೆ ಹೆಣೆದು, ನಿನ್ನನ್ನು ಶಾಲೆಗೆ ಬಿಟ್ಟು ಬರುತ್ತಿದ್ದ ಅದೇ ಪ್ರೇಮವ್ವ.

ಹುಬ್ಬಳ್ಳಿಯ ಆಸ್ಪತ್ರೆ ನಿಜ. ಬಿಟ್ಟುಹೋದರು ಎನ್ನುವುದು ಸುಳ್ಳು, ಮಂಚದ ಪಕ್ಕದಲ್ಲಿ ನಾನೇ ಕೂತಿದ್ದೆ. ಅವಳ ಗಂಡ ಬಿಟ್ಟುಹೋಗಿದ್ದ, ಪ್ರವೀಣ ಎಂಬ ಮಗನಿದ್ದ, ಇನ್ನೊಂದನ್ನು ಸಾಕುವ ಶಕ್ತಿ ಅವಳಿಗಿರಲಿಲ್ಲ. ನನಗೆ ಮದುವೆಯಾಗಿ ಒಂಬತ್ತು ವರ್ಷ ಬರಿಮಡಿಲು. ದೀಪ ಮುಟ್ಟಿಸಿ ಆಣೆ ಮಾಡಿಸಿದೆ, ಯಾರಿಗೂ ಹೇಳಬಾರದು, ನಿನಗಂತೂ ಹೇಳಲೇಬಾರದು. ಅವಳು ಕೇಳಿದ್ದು ಒಂದೇ: "ಕೌದಿ ನಾ ಹೊಲೀತೀನ್ರಿ ಅಕ್ಕಾರ." ಹತ್ತು ವರ್ಷ ಅವಳ ಲೋಟವನ್ನು ಬೇರೆ ಇಟ್ಟೆ, ಕಿಟಕಿಯ ಮೇಲೆ. ನಾಲ್ಕು ವರ್ಷದ ನೀನು ಒಮ್ಮೆ ಅದರಲ್ಲಿ ನೀರು ಕುಡಿದದ್ದಕ್ಕೆ ಓಣಿಗೆಲ್ಲ ಕೇಳುವ ಹಾಗೆ ಅವಳನ್ನು ಬೈದೆ. "ತಪ್ಪಾತ್ರಿ ಅಕ್ಕಾರ" ಎಂದು ಅವಳು ನಿನ್ನ ಬಾಯಿ ಒರೆಸಿದಳು.

ನೀನು ಏಪ್ರಿಲ್‌ನಲ್ಲಿ ಅಪ್ಪನ ಮೂಲಕ ನಿನ್ನ ಹಳೆಯ ಕೌದಿ ಕೇಳಿಸಿದ್ದೆ, ನಾನು ಕಳೆದುಹೋಯಿತು ಎಂದು ಹೇಳಿಸಿದೆ. ಅದು ಈ ಪಾರ್ಸೆಲಿನಲ್ಲಿದೆ. ಅಂಚಿನ ತುಂಬ ನನ್ನ ರೇಷ್ಮೆ ಸೀರೆಗಳು, ಅವಳೇ ಆರಿಸಿ ಹಾಕಿದ್ದು. ನಡುವಿನ ತುಂಡು ನನ್ನದಲ್ಲ. ಅದರ ಒಂದು ಬದಿಯ ಹೊಲಿಗೆ ಬಿಚ್ಚಿದ್ದು ಕಾಣುತ್ತದೆ. ಅಮೆರಿಕಕ್ಕೆ ಹೊರಡುವ ಹಿಂದಿನ ದಿನ ಕತ್ತರಿ ಹಾಕಿದವಳು ನಾನು. ಪೂರ್ತಿ ಬಿಚ್ಚಲು ಕೈ ಬರಲಿಲ್ಲ ಎಂದರೆ ಒಳ್ಳೆಯವಳ ಹಾಗೆ ಕೇಳಿಸುತ್ತದೆ. ನೀನು ಶಾಲೆಯಿಂದ ಬಂದುಬಿಟ್ಟೆ, ಅಷ್ಟೇ.

ಕೌದಿಯೊಳಗೆ ಏಳು ಕಾಗದ ಸುತ್ತಿಟ್ಟಿದ್ದೇನೆ. ೨೦೦೩ರಿಂದ ೨೦೦೯ರವರೆಗೆ, ಪ್ರತಿ ವರ್ಷ ನಿನ್ನ ಹುಟ್ಟಿದ ದಿನಕ್ಕೆ ಬಂದವು. ವಿಳಾಸ ಪ್ರವೀಣನ ಅಕ್ಷರದಲ್ಲಿದೆ, ಕೊನೆಯದರ ಹಿಂದೆ ಅವನ ಫೋನ್ ನಂಬರೂ ಇದೆ. ಅವಳು ಬದುಕಿದ್ದಾಳೋ ಇಲ್ಲವೋ, ಅವಳಿಗೆ ಶುಗರ್ ಇತ್ತೋ ಬಿಪಿ ಇತ್ತೋ, ನಿನ್ನ ಡಾಕ್ಟರ ಎರಡು ಪುಟಕ್ಕೆ ಬರೆಯುವಂಥದ್ದು ಏನೂ ನನಗೆ ಗೊತ್ತಿಲ್ಲ, ಯಾವತ್ತೂ ಕೇಳಲಿಲ್ಲ. ನೀನು ಹೊಟ್ಟೆಯಲ್ಲಿದ್ದಾಗ ಅವಳ ಕಾಲು ಊದುತ್ತಿದ್ದದ್ದು ಮಾತ್ರ ನೋಡಿದ್ದೇನೆ, ಆ ಕಾಲಿನಲ್ಲಿಯೇ ನಮ್ಮ ಮನೆಯ ನೆಲ ಒರೆಸುತ್ತಿದ್ದಳು.

ಏಳನ್ನೂ ಯಾರೂ ಒಡೆದಿಲ್ಲ. ಮೇಲೆ ನಮಸ್ಕಾರ ಬರೆಸಿದ್ದಾಳೋ, ಆಶೀರ್ವಾದ ಬರೆಸಿದ್ದಾಳೋ ನೀನೇ ನೋಡು. ಆ ಮೆಮ್‌ಸಾಹೇಬಳಿಗಾದರೂ ಕನ್ನಡ ಓದಲು ಬರುತ್ತಿರಲಿಲ್ಲ.